ಅಂಚಿನಲ್ಲಿದ್ದ ‘ಅಂದ್ರ?’

ಸಿಕಂದರಾಬಾದಿನ ಹತ್ತಿರ, ನಾರಾಯಣಗೂಡದ ನನ್ನ ಹಳೆಯ ಕಾಲೇಜಿನಲ್ಲಿ ಮನಃಶಾಸ್ತ್ರ ಕಲಿಸಲು ಹೊಸದಾಗಿ ಸೇರಿರುವ ಹೆಣ್ಣುಮಗಳೊಬ್ಬಳು ಹೋದ ತಿಂಗಳು ಫೋನು ಮಾಡಿದ್ದಳು. ‘ಮನಃಶಾಸ್ತ್ರ ಹೇಗೆ ಓದಬೇಕು ಅಂತ ಮೊದಲನೇ ವರ್ಷದವರಿಗೆ ನೀವೊಂದು ಪಾಠ ಮಾಡ್ತಿದ್ರಂತೆ ಸರ್. ಸ್ಟಾಫ್ ರೂಮಿನಲ್ಲಿ ಇನ್ನೂ ಅದರ ಮಾತು ಬರ್ತದೆ. ನೋಟ್ಸ್ ಇದ್ದರೆ ಕೊಡ್ತೀರಾ?’ ಎಂದಳು. ಹುಡುಕಿ ನೋಡುತ್ತೇನಮ್ಮ ಎಂದು ಫೋನಿಟ್ಟೆ. ಹುಡುಕುವುದೇನೂ ಇರಲಿಲ್ಲ. ಆ ಕಂದು ರಟ್ಟಿನ ನೋಟ್‌ಬುಕ್ಕು ಕಪಾಟಿನ ಮೇಲಿನ ಖಾನೆಯಲ್ಲೇ ಇದೆ. ನಾನು ಆ ಕಡೆ ನೋಡುವುದಿಲ್ಲ, ಅಷ್ಟೆ.

ಆ ಪಾಠವನ್ನು ಅವಳಿಗೆ ಕಳಿಸಿದ್ದೇನೆ. ಅದು ಒಂದೇ ಪುಟ. ಅದರ ಜೊತೆಗೆ ಕಳಿಸಬೇಕಾಗಿದ್ದದ್ದು ಇದು.

ಐವತ್ತೆರಡಕ್ಕೇ ನಾನು ಸ್ವಂತ ಇಚ್ಛೆಯಿಂದ ನಿವೃತ್ತಿ ತೆಗೆದುಕೊಂಡೆ. ಸ್ವಂತ ಇಚ್ಛೆ ಎಂಬುದು ಅರ್ಜಿಯಲ್ಲಿ ಬರೆಯುವ ಮಾತು. ಊರಿನ ಮಕ್ಕಳೆಲ್ಲ ಕಂಪ್ಯೂಟರಿನ ಕಡೆ ಹೊರಟು ಬಿ.ಎ. ತರಗತಿಗಳು ಮೂರಿದ್ದದ್ದು ಒಂದಾದಾಗ ಮಾಸ್ತರರೂ ಹೆಚ್ಚಾದರು. ಯಾರನ್ನು ಕಳಿಸುತ್ತಾರೋ ಎಂದು ಕಾಯುವ ಚಿಂತೆ ತಾಳಲಾರದೆ ನಾನೇ ಮೊದಲು ಎದ್ದು ಹೊರಟೆ. ನಾನು ಹುಟ್ಟಾ ಚಿಂತೆಯ ಮನುಷ್ಯ. ನನ್ನ ಹೆಂಡತಿ ವತ್ಸಲಾ ಹೇಳುವ ಹಾಗೆ, ‘ಬಸ್ ಬರಲಿಲ್ಲಂದ್ರ ಚಿಂತಿ, ಬಂದ್ರ ಸೀಟ್ ಸಿಗೂದಿಲ್ಲಂತ ಚಿಂತಿ, ಸೀಟ್ ಸಿಕ್ಕರ ಇಳಿಯೋ ಸ್ಟಾಪ್ ತಪ್ಪೀತು ಅಂತ ಚಿಂತಿ.’ ಮನೆಯಿದ್ದ ತಾರ್ನಾಕದಿಂದ ಕಾಲೇಜಿಗೆ ಹೋಗುವ ಬಸ್ಸಿನಲ್ಲೇ ನಾನು ಅಂದಿನ ಪಾಠವನ್ನು ಮೊದಲ ಸಲ ತೆರೆದು ನೋಡುತ್ತಿದ್ದುದು. ಸೀಟು ಸಿಗದ ದಿನ ತಯಾರಿಯಿಲ್ಲ.

ಇಂಥವನು ಪ್ರತಿ ವರ್ಷ ಮೊದಲ ದಿನ ಬೋರ್ಡಿನ ಮೇಲೆ ಒಳ್ಳೆಯ ಓದಿನ ಸೂತ್ರಗಳನ್ನು ಬರೆಯುತ್ತಿದ್ದ. ಪಾಠಕ್ಕೆ ಬರುವ ಮೊದಲೇ ಅಧ್ಯಾಯದ ಮೇಲೆ ಕಣ್ಣಾಡಿಸಿ ನಿಮಗೆ ನೀವೇ ಪ್ರಶ್ನೆ ಹಾಕಿಕೊಳ್ಳಿ. ಓದಿದ ಮೇಲೆ ಪುಸ್ತಕ ಮುಚ್ಚಿ ಸ್ವಂತ ಮಾತಿನಲ್ಲಿ ಹೇಳಿ ನೋಡಿ. ದಿನಕ್ಕೆ ಸ್ವಲ್ಪ ಓದಿ, ಪರೀಕ್ಷೆಯ ಹಿಂದಿನ ದಿನಕ್ಕೆ ಗುಡ್ಡೆ ಹಾಕಬೇಡಿ. ಉದಾಹರಣೆಯನ್ನು ನಿಮ್ಮ ಮನೆಯಿಂದ ತನ್ನಿ, ಪುಸ್ತಕದಿಂದಲ್ಲ. ತಿಳಿಯದಿದ್ದರೆ ಕೇಳಿ, ನಾಚಬೇಡಿ. ಹುಡುಗರು ಚಪ್ಪಾಳೆ ಹೊಡೆಯುತ್ತಿದ್ದರು. ಮಾರನೆಯ ದಿನ ನಾನು ಕಂದು ನೋಟ್‌ಬುಕ್ಕು ತೆರೆದು ‘ಬರ್ಕೊಳ್ಳಿ’ ಎನ್ನುತ್ತಿದ್ದೆ. ಅಲ್ಲಿಂದ ವರ್ಷದ ಕೊನೆಯವರೆಗೆ ನಾನು ಹೇಳಿ ಬರೆಸುವುದು, ಅವರು ಬರೆದುಕೊಳ್ಳುವುದು. ಮೊದಲನೆಯ ದಿನಕ್ಕೂ ಎರಡನೆಯ ದಿನಕ್ಕೂ ಏನು ಸಂಬಂಧ ಎಂದು ಯಾರೂ ಕೇಳಲಿಲ್ಲ. ನನಗೂ ಹೊಳೆಯಲಿಲ್ಲ.

ಆ ನೋಟ್ಸ್ ನನ್ನದೂ ಅಲ್ಲ. ನಾನು ವಿದ್ಯಾರ್ಥಿಯಾಗಿದ್ದಾಗ ನಮ್ಮ ಮಾಸ್ತರರು ಹೇಳಿ ಬರೆಸಿದ್ದು. ನಾನು ಗೈರಾದ ದಿನಗಳದ್ದು ಗೆಳೆಯನ ನೋಟ್‌ಬುಕ್ಕಿನಿಂದ ಇಳಿಸಿಕೊಂಡದ್ದು. ಕೆಲಸಕ್ಕೆ ಸೇರಿದ ಮೇಲೆ ಅದರ ಅಂಚಿನಲ್ಲಿ ನನಗಾಗಿ ಸೂಚನೆಗಳನ್ನು ಬರೆದುಕೊಂಡಿದ್ದೆ. ಒಂದು ಸಲ ನಿದ್ದೆಗಣ್ಣಿನಲ್ಲಿ ಅವನ್ನೂ ಸೇರಿಸಿ ಹೇಳಿಬಿಟ್ಟೆ. ಆ ವರ್ಷದ ಟೆಸ್ಟಿನಲ್ಲಿ ಅರ್ಧ ತರಗತಿ, ಕಲಿಕೆಯ ವ್ಯಾಖ್ಯೆ ಬರೆದು, ಅದರ ಕೆಳಗೆ ಶಿಸ್ತಾಗಿ ‘ಇಲ್ಲಿ ನಾಯಿಯ ಜೋಕು’ ಎಂದು ಬರೆದಿತ್ತು. ನಮ್ಮ ವಿಭಾಗದ ಮುಖ್ಯಸ್ಥೆ ಸರಸ್ವತಿ ಮೇಡಂ ಆ ಉತ್ತರಪತ್ರಿಕೆಗಳನ್ನು ನನ್ನ ಮೇಜಿನ ಮೇಲಿಟ್ಟು ತೆಲುಗಿನಲ್ಲಿ, ‘ಜೋಶಿಗಾರೂ, ಏ ಕುಕ್ಕ ಅಂಡೀ?’ ಎಂದು ಕೇಳಿದರು. ಯಾವ ನಾಯಿರೀ ಅದು, ಎಂದು. ಮುಂದಿನ ಎರಡು ವರ್ಷ ನನ್ನನ್ನು ಕಂಡಾಗಲೆಲ್ಲ ಅವರು ನಾಯಿಯ ಯೋಗಕ್ಷೇಮ ವಿಚಾರಿಸುತ್ತಿದ್ದರು.

ಮೇಡಂ ಕೆಟ್ಟವರಲ್ಲ. ಆದರೆ ಉತ್ತರಪತ್ರಿಕೆ ತಿದ್ದುವ ಅವರ ಪದ್ಧತಿಯನ್ನೇ ನಾವೆಲ್ಲ ಕಲಿತೆವು: ಪ್ರಶ್ನೆಗೆ ಆರು ಪಾಯಿಂಟು, ನೋಟ್ಸಿನಲ್ಲಿದ್ದ ಆರು ಉತ್ತರದಲ್ಲಿವೆಯೇ ನೋಡಿ, ಇದ್ದ ಕಡೆ ಗೆರೆ ಎಳೆಯಿರಿ, ಗೆರೆ ಎಣಿಸಿ ಅಂಕ ಹಾಕಿರಿ. ಇದರಿಂದ ಒಂದು ಮಧ್ಯಾಹ್ನದಲ್ಲಿ ಅರವತ್ತು ಪತ್ರಿಕೆ ತಿದ್ದಬಹುದಿತ್ತು. ಓದುವ ಅಗತ್ಯ ಇರಲಿಲ್ಲ.

ಆಮೇಲೆ ಕಾಲೇಜಿನ ಗೇಟಿನೆದುರು ಜೆರಾಕ್ಸ್ ಅಂಗಡಿ ಬಂತು. ಮಾಧಾಪುರದ ಕಡೆ ಗಾಜಿನ ಕಟ್ಟಡಗಳು ಏಳುತ್ತಿದ್ದ ಕಾಲ. ನಮ್ಮ ತರಗತಿಯ ಅರ್ಧ ಜನರ ಡೆಸ್ಕಿನ ಮೇಲೆ ನನ್ನ ವಿಷಯ, ಡೆಸ್ಕಿನ ಕೆಳಗೆ ಅಮೀರ್‌ಪೇಟೆಯ ಕಂಪ್ಯೂಟರ್ ಕೋರ್ಸಿನ ಪುಸ್ತಕ. ಕಾಲ್ ಸೆಂಟರಿನ ಪಾಳಿ ಮುಗಿಸಿ ನೇರ ಬಂದವರು ಕಡೇ ಬೆಂಚಿನಲ್ಲಿ ಮಲಗುತ್ತಿದ್ದರು. ಅವರಿಗೆಲ್ಲ ಬರೆದುಕೊಳ್ಳುವ ಪುರುಸೊತ್ತು ಎಲ್ಲಿಯದು? ಯಾರೋ ಒಳ್ಳೆಯ ಅಕ್ಷರದವರ ನೋಟ್‌ಬುಕ್ಕು ಅಂಗಡಿಗೆ ಹೋಯಿತು. ‘ಜೋಶಿ ಸರ್ ನೋಟ್ಸ್’ ಎಂಬ ಹಳದಿ ಹೊದಿಕೆಯ ಪುಸ್ತಕವಾಗಿ ಹೊರಬಂತು. ನಾನು ಸಿಟ್ಟಾಗಬೇಕಿತ್ತು. ದಿನಾ ಅಂಗಡಿಯ ಮುಂದೆ ಹಾಯುವಾಗ ಅದು ತೂಗುಹಾಕಿದೆಯೇ ಎಂದು ಓರೆಗಣ್ಣಿನಿಂದ ನೋಡುತ್ತಿದ್ದೆ. ಒಂದು ದಿನ ಕಾಣದಿದ್ದರೆ ಅದೊಂದು ಚಿಂತೆ.

ಮಹಾದೇವಿ ಬಂದದ್ದು ಆ ದಿನಗಳಲ್ಲಿ.

ಅವಳ ತಂದೆ ಸೇಡಂ ಕಡೆಯ ಮೇಸ್ತ್ರಿ. ಆ ಗಾಜಿನ ಕಟ್ಟಡಗಳಲ್ಲಿ ಎರಡು ಮೂರರ ಕಾಂಕ್ರೀಟು ಅವನ ಕೈಕೆಳಗಿನ ಆಳುಗಳು ಹಾಕಿದ್ದು. ತಾಯಿ ಮೊದಲು ಬುಟ್ಟಿ ಹೊತ್ತವಳು, ಈಗ ಮನೆಯಲ್ಲಿದ್ದಳು. ಹುಡುಗಿ ದೊಡ್ಡ ಗಂಟಲಿನವಳು. ನಾನು ಕನ್ನಡದವನು ಎಂದು ಮೂರನೆಯ ದಿನವೇ ಪತ್ತೆ ಮಾಡಿ ಬಂದಳು.

‘ಸರ, ನೀವು ಮೊನ್ನೆ ಹೇಳಿದ್ರಲ್ರಿ, ಪುಸ್ತಕ ಮುಚ್ಚಿ ಸ್ವಂತ ಮಾತಿನಾಗ ಹೇಳ್ರಿ ಅಂತ. ಹೇಳಿದೆರಿ.’

‘ಯಾರಿಗೆ ಹೇಳಿದಿ?’

‘ಅವ್ವಗ. ರೊಟ್ಟಿ ಬಡಿಯಾಕತ್ತಿದ್ಲು. ಭಾಳ ಕಾಡ್ತಾಳರಿ. ಒಂದೊಂದು ಮಾತಿಗೂ ಅಂದ್ರ? ಅಂದ್ರ? ಅಂತಾಳ. ಆಕಿ ಎಲ್ಲಿ ಅಂದ್ರ ಅಂತಾಳೋ ಅಲ್ಲಿ ಗುರ್ತು ಹಾಕೀನಿ.’

ನೋಟ್‌ಬುಕ್ಕು ತೋರಿಸಿದಳು. ನಾನು ಹೇಳಿ ಬರೆಸಿದ್ದ ಇಂಗ್ಲಿಷ್ ಸಾಲುಗಳ ಪಕ್ಕ, ಅಂಚಿನಲ್ಲಿ, ಕೆಂಪು ಪೆನ್ನಿನಿಂದ ಕನ್ನಡದಲ್ಲಿ ‘ಅಂದ್ರ?’ ‘ಅಂದ್ರ?’ ಎಂದು ಒಂಬತ್ತು ಹತ್ತು ಕಡೆ ಬರೆದಿತ್ತು. ಪ್ರತಿಯೊಂದು ‘ಅಂದ್ರ?’ಕ್ಕೂ ಅವಳು ಲೈಬ್ರರಿಯ ಪುಸ್ತಕ ನೋಡಿ ಉತ್ತರ ಹುಡುಕಿಕೊಳ್ಳುತ್ತಿದ್ದಳು. ಅಷ್ಟು ವರ್ಷಗಳಲ್ಲಿ ನನ್ನ ಸೂತ್ರಗಳನ್ನು ನಿಜವೆಂದು ನಂಬಿದ ಮೊದಲ ವಿದ್ಯಾರ್ಥಿ ಅವಳು. ಖುಷಿಯಾಗಬೇಕಿತ್ತು. ಆದದ್ದು ಹೆದರಿಕೆ. ಇವಳು ಹೀಗೇ ಎಲ್ಲದಕ್ಕೂ ಅಂದ್ರ ಎನ್ನುತ್ತ ಹೋದರೆ ನನ್ನ ಗತಿಯೇನು ಎಂದು.

‘ಮುಂದ ಏನು ಮಾಡಬೇಕಂತಿ?’ ಎಂದೆ, ಮಾತು ತಪ್ಪಿಸಲು.

‘ಇದರಾಗ ಎಂ.ಎ. ಮಾಡ್ತೀನ್ರಿ. ಮನಸಿನ ತ್ರಾಸಿನವರಿಗೆ ಸಲಹಾ ಹೇಳೋ ಕೆಲಸ ಹಿಡೀತೀನಿ. ಅಪ್ಪಗ ಒಂದು ಶರ್ತ್ ಐತಿ. ಮೊದಲ್ನೇ ವರ್ಷ ಇದರಾಗ ಫಸ್ಟ್ ಕ್ಲಾಸ್ ಬಂದ್ರ ಓದು, ಇಲ್ಲಂದ್ರ ಬಿಟ್ಟು ಕಂಪ್ಯೂಟರಿಗೆ ಸೇರ್ಕೋ ಅಂದಾನ. ಆ ಬಿಲ್ಡಿಂಗಿನಾಗ ಕುಂದ್ರೋ ಹುಡುಗ್ಯಾರನ್ನ ದಿನಾ ನೋಡ್ತಾನಲ್ರಿ.’

ಕಲಿಕೆಯ ಅಧ್ಯಾಯ ಬಂತು. ಅದರಲ್ಲಿ ಶಿಕ್ಷೆ ಎಂಬ ಒಂದು ವಿಷಯ, ನೆಗೆಟಿವ್ ರೀಇನ್‌ಫೋರ್ಸ್‌ಮೆಂಟ್ ಎಂಬ ಇನ್ನೊಂದು. ನನ್ನ ಕಂದು ನೋಟ್‌ಬುಕ್ಕಿನಲ್ಲಿ ಎರಡೂ ಒಂದೇ ಎಂದಿತ್ತು. ನಾನು ಹಾಗೆಯೇ ಹೇಳಿ ಬರೆಸಿದೆ. ಟೆಸ್ಟಿನಲ್ಲಿ ಅದನ್ನೇ ಕೇಳಿದೆ. ಮಹಾದೇವಿ ಎರಡೂ ಬೇರೆ ಬೇರೆ ಎಂದು ಬರೆದು ತನ್ನ ಮನೆಯ ಉದಾಹರಣೆ ಕೊಟ್ಟಿದ್ದಳು. ಮೇಸ್ತ್ರಿ ಕೂಗುತ್ತಿರುತ್ತಾನೆ; ಹೆಂಗಸು ಬುಟ್ಟಿ ಎತ್ತಿದ ಕೂಡಲೇ ಕೂಗು ನಿಲ್ಲುತ್ತದೆ; ಕೂಗು ನಿಲ್ಲಲಿ ಎಂದೇ ಅವಳು ಮರುದಿನ ಬೇಗ ಬುಟ್ಟಿ ಎತ್ತುತ್ತಾಳೆ. ಇದು ಶಿಕ್ಷೆಯಲ್ಲ. ತಡವಾಗಿ ಬಂದವಳ ಅರ್ಧ ದಿನದ ಹಾಜರಿ ಕತ್ತರಿಸಿದರೆ ಅದು ಶಿಕ್ಷೆ. ಒಂದು, ಮಾಡುವುದನ್ನು ಹೆಚ್ಚಿಸುತ್ತದೆ. ಇನ್ನೊಂದು, ಕಡಿಮೆ ಮಾಡುತ್ತದೆ.

ನನ್ನ ಆರು ಪಾಯಿಂಟುಗಳಲ್ಲಿ ಒಂದೂ ಅಲ್ಲಿರಲಿಲ್ಲ. ಕೆಂಪು ಗೀಟು ಎಳೆದು ಸೊನ್ನೆ ಹಾಕಿದೆ.

ಅವಳು ಸ್ಟಾಫ್ ರೂಮಿಗೆ ಬರಬಹುದಿತ್ತು. ತಿಳಿಯದಿದ್ದರೆ ಕೇಳಿ ಎಂದು ನಾನೇ ಹೇಳಿದ್ದೆನಲ್ಲ, ತರಗತಿಯಲ್ಲೇ ಎದ್ದು ನಿಂತಳು. ಕೈಯಲ್ಲಿ ಲೈಬ್ರರಿಯ ಪುಸ್ತಕ. ‘ಸರ್, ಇದರಲ್ಲಿ ಬೇರೆ ಅಂತ ಇದೆ’ ಎಂದು ಇಂಗ್ಲಿಷಿನಲ್ಲಿ ತಡವರಿಸುತ್ತ ಹೇಳಿದಳು. ಕಡೇ ಬೆಂಚಿನವರು ಕೂಡ ಎಚ್ಚರಾದರು. ಎಲ್ಲರಿಗೂ ತಿಳಿಯಲೆಂದು ತೆಲುಗಿನಲ್ಲಿ ಹೇಳಿದೆ: ‘ನೋಡ್ರಪ್ಪಾ, ಮೇಸ್ತ್ರಿಯ ಮಗಳು ದಾರಕ್ಕೆ ಗುಂಡು ಕಟ್ಟಿಕೊಂಡು ಬಂದಿದ್ದಾಳೆ, ನನ್ನ ಗೋಡೆ ನೆಟ್ಟಗಿದೆಯೋ ಇಲ್ಲವೋ ಅಂತ ನೋಡೋದಕ್ಕೆ.’ ತರಗತಿ ಬಿದ್ದು ಬಿದ್ದು ನಕ್ಕಿತು. ನನ್ನ ನಾಯಿಯ ಜೋಕಿಗೆ ಯಾವತ್ತೂ ಅಷ್ಟು ನಗು ಬಂದಿರಲಿಲ್ಲ. ಅವಳು ಕೂತಳು.

ಅವಳ ತಪ್ಪನ್ನು ಸಾಬೀತು ಮಾಡಲೆಂದೇ ಅಂದು ಮಧ್ಯಾಹ್ನ ನಾನು ಲೈಬ್ರರಿಗೆ ಹೋದೆ. ನಾಲ್ಕು ಪುಸ್ತಕ ತೆಗೆದೆ. ನಾಲ್ಕರಲ್ಲೂ ಅವಳು ಹೇಳಿದ್ದೇ ಇತ್ತು. ಮನೆಗೆ ಬಂದು ಕಂದು ನೋಟ್‌ಬುಕ್ಕು ನೋಡಿದೆ. ಆ ಪುಟದ ತುದಿಗೆ ಗೆಳೆಯನ ಹೆಸರಿನ ಮೊದಲಕ್ಷರ: ನಾನು ಗೈರಾದ ದಿನ ಅವನಿಂದ ಇಳಿಸಿಕೊಂಡದ್ದು. ಒಂದು ದಿನದ ಗೈರುಹಾಜರಿಯನ್ನು ಹತ್ತೊಂಬತ್ತು ವರ್ಷ ಪಾಠ ಮಾಡಿದ್ದೆ.

‘ಮುಖ ಯಾಕ ಹಿಂಗಾಗ್ಯದ?’ ಎಂದಳು ವತ್ಸಲಾ. ಹೇಳಿದೆ.

‘ಇದರಾಗ ಚಿಂತಿ ಮಾಡೋದೇನದ? ನಾಳಿಗೆ ಹೋಗಿ ತಪ್ಪಾಗ್ಯದ, ತಿದ್ದಿಕೊಳ್ರಿ ಅನ್ರಿ. ಆ ಹುಡುಗಿಗೆ ಮಾರ್ಕ್ಸ್ ಹಾಕ್ರಿ. ಮುಗೀತು.’

ಎಷ್ಟು ಸಣ್ಣ ಕೆಲಸ. ನಾನು ಅದನ್ನು ಮಾಡಲಿಲ್ಲ. ಮೇಡಂಗೆ ಗೊತ್ತಾದರೆ? ನಾಯಿಯ ಜೊತೆ ಇದೂ ಸೇರಿದರೆ? ಹಳದಿ ಪುಸ್ತಕ ಕೊಂಡವರೆಲ್ಲ ನಕ್ಕರೆ? ಪುನರಾವರ್ತನೆಯ ದಿನ ಹೇಳೋಣ ಎಂದುಕೊಂಡೆ. ಆ ದಿನ ಸೀಮೆಸುಣ್ಣ ಹಿಡಿದು ಬೋರ್ಡಿನ ಕಡೆ ತಿರುಗಿಯೂ ಇದ್ದೆ. ಹಿಂದಿನಿಂದ ಯಾರೋ ‘ಇಂಪಾರ್ಟೆಂಟ್ ಕ್ವೆಶ್ಚನ್ಸ್ ಹೇಳಿ ಸರ್’ ಎಂದರು. ಬಾಯಿಗೆ ಬಂದದ್ದನ್ನು ನುಂಗಿ ಹನ್ನೆರಡು ಪ್ರಶ್ನೆ ಬರೆದೆ. ಶಿಕ್ಷೆಯ ಪ್ರಶ್ನೆ ಅದರಲ್ಲಿರಲಿಲ್ಲ. ಅದು ಬರುವುದಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ.

ಯೂನಿವರ್ಸಿಟಿ ಪರೀಕ್ಷೆಗೆ ಎರಡು ದಿನ ಮೊದಲು ಮಹಾದೇವಿ ಕಾಲೇಜಿನ ಮೆಟ್ಟಿಲ ಹತ್ತಿರ ನನ್ನನ್ನು ಹಿಡಿದಳು. ಮೊದಲಿನ ಗಂಟಲು ಇರಲಿಲ್ಲ.

‘ಸರ, ಒಂದು ಮಾತು. ಆ ಪ್ರಶ್ನಿ ಬಂದ್ರ ನಿಮ್ಮ ನೋಟ್ಸಿನಂಗ ಬರೀಲ್ಯೋ, ಖರೇದು ಬರೀಲ್ಯೋ?’

ಅಣಕವಿರಲಿಲ್ಲ ಅದರಲ್ಲಿ. ಅವಳಿಗೆ ನಿಜವಾಗಿಯೂ ಗೊತ್ತಾಗಬೇಕಿತ್ತು. ಲೈಬ್ರರಿಯ ನಾಲ್ಕು ಪುಸ್ತಕ ನೋಡಿದ್ದ ನಾನು ಹೇಳಿದೆ, ‘ಮಾರ್ಕ್ಸ್ ಬೇಕಂದ್ರ ನೋಟ್ಸಿನಂಗ ಬರಿ. ಪೇಪರ್ ತಿದ್ದವರೂ ನನ್ನಂಥವರೇ ಇರ್ತಾರ.’

‘ಆತ್ರಿ’ ಎಂದಳು.

ಪ್ರಶ್ನೆ ಬಂತು. ಶಿಕ್ಷೆಗೂ ನೆಗೆಟಿವ್ ರೀಇನ್‌ಫೋರ್ಸ್‌ಮೆಂಟಿಗೂ ಇರುವ ವ್ಯತ್ಯಾಸವನ್ನು ಉದಾಹರಣೆ ಸಹಿತ ವಿವರಿಸಿ. ಮಹಾದೇವಿಯೂ ಸೇರಿ ನನ್ನ ತರಗತಿಗೆ ತರಗತಿಯೇ ವ್ಯತ್ಯಾಸವಿಲ್ಲ ಎಂದು, ಆರು ಪಾಯಿಂಟುಗಳಲ್ಲಿ, ಅಡಿಗೆರೆ ಹಾಕಿ ಬರೆದು ಬಂತು. ಪತ್ರಿಕೆ ತಿದ್ದಿದವರು ನನ್ನಂಥವರಾಗಿರಲಿಲ್ಲ. ಮಿಕ್ಕವರಿಗೆ ಅದೊಂದು ದೊಡ್ಡ ವಿಷಯವಲ್ಲ, ಪಾಸಾದರೆ ಸಾಕಿತ್ತು. ಮಹಾದೇವಿಯ ಫಸ್ಟ್ ಕ್ಲಾಸು ಆರು ಅಂಕಗಳಲ್ಲಿ ತಪ್ಪಿತು.

ಅಂಕಪಟ್ಟಿ ಬಂದ ವಾರ ಅವಳು ತಂದೆಯನ್ನು ಕರೆದುಕೊಂಡು ಬಂದಳು. ಕಾಲೇಜು ಬಿಡುವ ಅರ್ಜಿಗೆ ನನ್ನ ಸಹಿ ಬೇಕಿತ್ತು. ಮೇಸ್ತ್ರಿ ಇಸ್ತ್ರಿಯ ಬಿಳಿ ಅಂಗಿ ಹಾಕಿಕೊಂಡು ಬಂದಿದ್ದ. ಕುರ್ಚಿ ತೋರಿಸಿದರೂ ಕೂಡಲಿಲ್ಲ. ಕೂಗುವ ಮನುಷ್ಯ ಎಂದು ಮಗಳು ಬರೆದಿದ್ದಳಲ್ಲ, ನನ್ನೆದುರು ದನಿಯೇ ಏಳಲೊಲ್ಲದು.

‘ಸರ, ನನಗ ತಿಳೀವಲ್ದು. ಮಗಳು ಹಗಲೂ ರಾತ್ರಿ ಓದ್ಯಾಳ. ನಾ ಶರ್ತ್ ಹಾಕಿದ್ದು ಖರೇ. ಆದ್ರೂ ನೀವು ಕಲಿಸಿದವರು, ಒಂದು ಮಾತು ಹೇಳ್ರಿ. ಈಕಿ ತಲಿಗೆ ಇದು ಹತ್ತೋದಿಲ್ಲೇನು? ಹತ್ತತೈತಿ ಅಂತ ನೀವಂದ್ರ ಶರ್ತ್ ಗಿರ್ತ್ ಬಿಟ್ಟು ಓದಸ್ತೀನಿ.’

ಮಹಾದೇವಿ ನನ್ನನ್ನೇ ನೋಡುತ್ತಿದ್ದಳು. ಬೇಡುವ ನೋಟವಲ್ಲ. ಉತ್ತರಕ್ಕೆ ಕಾಯುವ ನೋಟ, ಅವಳು ತರಗತಿಯಲ್ಲಿ ಕೂತಿರುತ್ತಿದ್ದ ರೀತಿ. ಪಕ್ಕದ ಮೇಜಿನಲ್ಲಿ ಸರಸ್ವತಿ ಮೇಡಂ ಇದ್ದರು. ಅವರಿಗೆ ಕನ್ನಡ ಅಷ್ಟಿಷ್ಟು ತಿಳಿಯುತ್ತಿತ್ತು. ಇಡೀ ಜೀವಮಾನದ ಚಿಂತೆಗಳೆಲ್ಲ ಒಟ್ಟಿಗೆ ಬಂದು ನನ್ನ ನಾಲಿಗೆಯ ಮೇಲೆ ಕೂತವು.

‘ಕಂಪ್ಯೂಟರೂ ಛಲೋನೇ ಅದ’ ಎಂದೆ. ಸಹಿ ಹಾಕಿದೆ. ಮೇಸ್ತ್ರಿ ಕೈಮುಗಿದ. ಅವಳು ಅರ್ಜಿಯನ್ನು ಮಡಚಿ ತನ್ನ ನೋಟ್‌ಬುಕ್ಕಿನೊಳಗೆ ಇಟ್ಟುಕೊಂಡು ಹೋದಳು.

ಮುಂದಿನ ವರ್ಷ ನಾನು ಕಂದು ನೋಟ್‌ಬುಕ್ಕಿನ ಆ ಪುಟ ತಿದ್ದಿದೆ. ಯಾರಿಗೂ ಹೇಳದೆ, ಪೆನ್ಸಿಲ್ಲಿನಲ್ಲಿ. ಶಿಕ್ಷೆ ಬೇರೆ, ಇದು ಬೇರೆ ಎಂದು ಹೇಳಿ ಬರೆಸಿದೆ. ಉದಾಹರಣೆ ಬೇಕಿತ್ತಲ್ಲ, ಮೇಸ್ತ್ರಿ ಕೂಗುವುದು, ಬುಟ್ಟಿ ಎತ್ತುವುದು, ಕೂಗು ನಿಲ್ಲುವುದನ್ನು ಅಭಿನಯಿಸಿ ತೋರಿಸಿದೆ. ತರಗತಿಗೆ ಬಹಳ ಹಿಡಿಸಿತು. ಅಂಚಿನಲ್ಲಿ ‘ಇಲ್ಲಿ ಮೇಸ್ತ್ರಿ’ ಎಂದು ಬರೆದುಕೊಂಡೆ. ನಿವೃತ್ತನಾಗುವವರೆಗೂ ಪ್ರತಿ ವರ್ಷ ಮೇಸ್ತ್ರಿ ಬಂದ. ಸರಸ್ವತಿ ಮೇಡಂ ಕೂಡ ಒಮ್ಮೆ ಬಾಗಿಲಲ್ಲಿ ನಿಂತು ಕೇಳಿ, ‘ನಿಮ್ಮ ನಾಯಿಗಿಂತ ಇದು ಎಷ್ಟೋ ವಾಸಿ’ ಎಂದರು.

ನಿವೃತ್ತನಾದ ಮೇಲೆ ಒಂದು ದಿನ ಕಲಬುರಗಿಯ ಮದುವೆಯೊಂದಕ್ಕೆ ಹೊರಟು, ವತ್ಸಲಾ ಮತ್ತು ನಾನು ಸಿಕಂದರಾಬಾದ್ ಸ್ಟೇಷನ್ನಿನಲ್ಲಿ ರೈಲಿಗೆ ಒಂದೂವರೆ ತಾಸು ಮೊದಲೇ ಬಂದು ಕೂತಿದ್ದೆವು. ಬೇಗ ಬರುವುದು ನನ್ನ ಪದ್ಧತಿ. ಎದುರಿನ ಬೆಂಚಿನಿಂದ ಒಬ್ಬಳು ಎದ್ದು ಬಂದು ‘ನಮಸ್ಕಾರ್ರಿ ಸರ’ ಎಂದಳು. ಮಹಾದೇವಿ. ಕೊರಳಲ್ಲಿ ಕಂಪನಿಯ ಗುರುತಿನ ಚೀಟಿ. ಹೊಸದಾಗಿ ಸೇರಿದವರಿಗೆ ಕೆಲಸ ಕಲಿಸುವ ವಿಭಾಗದಲ್ಲಿ ಇದ್ದಾಳಂತೆ. ಜೊತೆಗೆ ಅವಳ ತಾಯಿ.

‘ಯಾರವ್ವ ಇವರು?’ ಎಂದಳು ತಾಯಿ.

‘ಮನಸಿನ ಪಾಠ ಹೇಳತಿದ್ದ ಸರ.’

‘ಆ ಕೂಗೋ ಪಾಠ?’ ತಾಯಿ ವತ್ಸಲಾಳ ಕಡೆ ತಿರುಗಿ ನಕ್ಕಳು. ‘ಈಗೂ ಈಕಿ ಅಪ್ಪ ಕೂಗಾಕತ್ತಿದ್ರ ನಾನು ಚಾ ಇಟ್ಟಬಿಡ್ತೀನ್ರಿ, ಬಾಯಿ ಮುಚ್ಚತಾನ. ಇದು ಶಿಕ್ಷಾ ಅಲ್ಲವ್ವ, ಆ ಇನ್ನೊಂದು, ಅಂತೀನಿ ಮಗಳಿಗೆ.’

ಅಕ್ಷರ ಬಾರದ ಹೆಣ್ಣುಮಗಳು. ಒಲೆಯ ಮುಂದೆ ಒಮ್ಮೆ ಅಂದ್ರ ಎಂದು ಕೇಳಿ ತಿಳಿದುಕೊಂಡದ್ದು ಇಷ್ಟು ವರ್ಷದ ಮೇಲೂ ಸರಿಯಾಗಿ ನೆನಪಿತ್ತು. ನನ್ನ ತರಗತಿಯ ಒಬ್ಬನಿಗೂ ಇರಲಾರದು.

ಇನ್ನು ಹೇಳದಿದ್ದರೆ ಯಾವತ್ತೂ ಇಲ್ಲ ಎನಿಸಿತು. ‘ಮಹಾದೇವಿ, ಆ ನೋಟ್ಸ್ ತಪ್ಪಿತ್ತವ್ವ’ ಎಂದೆ. ‘ನಿನಗ ಹಂಗ ಬರಿ ಅಂತ ಹೇಳಿದಾಗ ನನಗ ಗೊತ್ತಿತ್ತು.’

‘ನನಗೂ ಗೊತ್ತಿತ್ರಿ ಸರ.’ ಅವಳು ಶಾಂತವಾಗಿಯೇ ಇದ್ದಳು. ‘ಮುಂದಿನ ವರ್ಷ ನೀವು ತಿದ್ದಿದ್ದೂ ಗೊತ್ತಿತ್ತು. ನಮ್ಮ ಕಾಕಾನ ಮಗಳು ಸುನಂದಾ ಇದ್ಲಲ್ರಿ ನಿಮ್ಮ ಕ್ಲಾಸಿನಾಗ. ಸಂಜಿಗೆ ಮನಿಗೆ ಬಂದು, ಅಕ್ಕಾ, ಸರ ದೊಡ್ಡಪ್ಪನಂಗೇ ಕೂಗಿ ತೋರಿಸಿದ್ರು ಅಂದ್ಲು. ಆವತ್ತು ಭಾಳ ಖುಷಿ ಆತ್ರಿ ನನಗ. ಇನ್ನ ಸರ ಕರೀತಾರ, ಅಪ್ಪಗ ಒಂದು ಮಾತು ಹೇಳ್ತಾರ ಅಂದ್ಕೊಂಡೆ. ಆ ವರ್ಷ ಪೂರ್ತಿ ಕಾಯ್ದೆ.’

ಅವರ ರೈಲು ಬಂತು. ತಾಯಿಯ ಚೀಲ ಎತ್ತಿಕೊಂಡು ಮಹಾದೇವಿ, ‘ನನ್ನ ಟ್ರೈನಿಂಗಿನಾಗೂ ಮೊದಲ ದಿನ ನಿಮ್ಮ ಪಾಠನ ಹೇಳ್ತೀನ್ರಿ ಸರ’ ಎಂದಳು. ‘ಎರಡನೇ ದಿನಾನೂ ಅದನ್ನ ನಡಸ್ತೀನಿ.’

ಹೊಸದಾಗಿ ಈ ಕೆಲಸಕ್ಕೆ ಬಂದವರಿಗೆ ನನ್ನ ಬಳಿ ಬೇರೆ ಸೂತ್ರವಿಲ್ಲ. ಓದುವ ಒಳ್ಳೆಯ ಅಭ್ಯಾಸವನ್ನು ಹುಡುಗರಿಗೆ ಕಲಿಸುವುದು ಕಷ್ಟವಲ್ಲ, ಒಂದು ಪುಟ ಸಾಕು. ಕಲಿತು ಬಂದವರನ್ನು ತಾಳಿಕೊಳ್ಳುವುದು ಮಾಸ್ತರನ ಅಭ್ಯಾಸ. ಅದು ನನಗೆ ಬರಲಿಲ್ಲ. ನಿಮ್ಮ ನೋಟ್ಸಿನ ಅಂಚಿನಲ್ಲಿ ಯಾರಾದರೂ ‘ಅಂದ್ರ?’ ಎಂದು ಬರೆದರೆ ಅಂದೇ ಲೈಬ್ರರಿಗೆ ಹೋಗಿ, ಮರುದಿನವೇ ತರಗತಿಗೆ ಹೇಳಿ.

ಕಂದು ನೋಟ್‌ಬುಕ್ಕನ್ನು ಇವತ್ತು ಕೆಳಗಿಳಿಸಿದೆ. ಪೆನ್ಸಿಲ್ಲಿನ ತಿದ್ದುಪಡಿ ಮಾಸಿದೆ. ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಯಾರ ಬಳಿಯಾದರೂ ಆ ಹಳದಿ ಹೊದಿಕೆಯ ಪುಸ್ತಕ ಇದ್ದರೆ, ಕಲಿಕೆಯ ಅಧ್ಯಾಯದಲ್ಲಿ ಎರಡೂ ಒಂದೇ ಎಂಬ ಸಾಲನ್ನು ದಯವಿಟ್ಟು ಹೊಡೆದುಹಾಕಿ. ಬೇಡದ್ದು ನಿಂತುಹೋಗಲಿ ಎಂದು ಮಾಡುವುದನ್ನು ಮತ್ತೆ ಮತ್ತೆ ಮಾಡುತ್ತೇವೆ. ಶಿಕ್ಷೆಯಾದದ್ದನ್ನು ಮಾಡುವುದು ಬಿಡುತ್ತೇವೆ. ಎರಡೂ ಬೇರೆ. ನಾನು ತಿದ್ದಿದ ಮೇಲೆ ಬಂದ ವರ್ಷಗಳವರ ಬಳಿ ಇರುವುದು ಸರಿಯಾಗಿದೆ. ಅದರಲ್ಲಿ ಮೇಸ್ತ್ರಿಯ ಉದಾಹರಣೆ ಇರುತ್ತದೆ. ಅದು ನನ್ನದಲ್ಲ. ಮಹಾದೇವಿಯದು. ಅದಕ್ಕೆ ನಾನು ಹಾಕಿದ್ದು ಸೊನ್ನೆ.